ಸ್ಕೆಲ್ ಕಣಿವೆಯ ಮಠ, ಕೊಳ ಮತ್ತು ಜಿಂಕೆವನ

ಇಂಗ್ಲೆಂಡಿನ ಹಳ್ಳಿಗಾಡಿನಲ್ಲಿ ಸಂಚರಿಸುವವರು ಪ್ರಕೃತಿಸಹಜವೆಂದು ಮೆಚ್ಚಿಕೊಳ್ಳುವ ನೋಟಗಳಲ್ಲಿ ಹೆಚ್ಚಿನವು, ಅಂದರೆ ಏರಿಳಿಯುವ ಹುಲ್ಲುಗಾವಲು, ಅದರ ನಡುವೆ ಬಿಡಿಬಿಡಿಯಾಗಿ ನಿಂತ ಓಕ್ ಮರಗಳು, ತಗ್ಗಿನಲ್ಲಿ ಮೈಚಾಚಿದ ಕೆರೆ ಇವೆಲ್ಲ, ಹಲವು ತಲೆಮಾರುಗಳ ಜನ ಅಗೆದು, ಒಡ್ಡು ಹಾಕಿ, ನೆಟ್ಟು, ಕಡಿದು ರೂಪಿಸಿದವು. ಇಂಥ ನೆಲವನ್ನು ಅಲ್ಲಿ ಪಾರ್ಕ್‌ಲ್ಯಾಂಡ್ ಎನ್ನುತ್ತಾರೆ. ಇದು ನಗರದ ಉದ್ಯಾನವಲ್ಲ. ಮಧ್ಯಯುಗದಲ್ಲಿ ದೊರೆಗಳೂ ಜಮೀನುದಾರರೂ ಬೇಟೆಗಾಗಿ ಮತ್ತು ಮಾಂಸಕ್ಕಾಗಿ ಜಿಂಕೆಗಳನ್ನು ಸಾಕಲು ಬೇಲಿ ಹಾಕಿ ಕಾದಿರಿಸಿಕೊಳ್ಳುತ್ತಿದ್ದ ವಿಶಾಲವಾದ ಮೇವುನೆಲದಿಂದ ಹುಟ್ಟಿ, 18ನೇ ಶತಮಾನದಲ್ಲಿ ನೋಟದ ಸೊಗಸಿಗಾಗಿ ಮರುರೂಪ ಪಡೆದ ಪ್ರದೇಶ. ದೇಶದ ಉದ್ದಗಲಕ್ಕೂ ಇಂಥ ತಾಣಗಳು ಹರಡಿವೆ. ಅವುಗಳ ಪೈಕಿ ಉತ್ತರ ಯಾರ್ಕ್‌ಶೈರಿನ ರಿಪನ್ ಪಟ್ಟಣದ ಸಮೀಪ, ಸ್ಕೆಲ್ ಎಂಬ ಸಣ್ಣ ನದಿಯ ಕಣಿವೆಯಲ್ಲಿರುವ ಸ್ಟಡ್ಲಿ ರಾಯಲ್ ಉದ್ಯಾನಕ್ಕೂ ಅದಕ್ಕೆ ಹೊಂದಿಕೊಂಡಂತಿರುವ ಫೌಂಟನ್ಸ್ ಮಠದ ಭಗ್ನಾವಶೇಷಕ್ಕೂ ವಿಶೇಷ ಸ್ಥಾನ ಸಲ್ಲಬೇಕು. ಸುಮಾರು ಒಂಬತ್ತು ಶತಮಾನಗಳ ಮಾನವ ಶ್ರಮವು ಒಂದೇ ನದಿಯನ್ನು ಆಧರಿಸಿ ಪದರಪದರವಾಗಿ ಕೂಡಿಕೊಂಡಿರುವುದನ್ನು ಒಂದು ದಿನದ ನಡಿಗೆಯಲ್ಲಿ ಕಾಣುವ ಅವಕಾಶ ಇಲ್ಲಿದೆ. ಯುನೆಸ್ಕೊ ಸಂಸ್ಥೆಯು ಈ ತಾಣವನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದ್ದು 1986ರಲ್ಲಿ, ಹಂಪಿಯ ಸ್ಮಾರಕಗಳು ಅದೇ ಪಟ್ಟಿಗೆ ಸೇರಿದ ವರ್ಷದಲ್ಲೇ.

ಕಣಿವೆಯ ಲಿಖಿತ ಇತಿಹಾಸ ಒಂದು ಒಳಜಗಳದಿಂದ ಆರಂಭವಾಗುತ್ತದೆ. ಯಾರ್ಕ್ ನಗರದ ಸೇಂಟ್ ಮೇರಿ ಮಠದಲ್ಲಿ ನಿಯಮಗಳ ಪಾಲನೆ ಸಡಿಲಗೊಂಡಿದೆಯೆಂದು ಬೇಸತ್ತ 13 ಮಂದಿ ಸನ್ಯಾಸಿಗಳು 1132ರಲ್ಲಿ ಅಲ್ಲಿಂದ ಹೊರಬಿದ್ದರು. ಅವರಿಗೆ ಆಶ್ರಯ ಕೊಟ್ಟ ಆರ್ಚ್‌ಬಿಷಪ್ ಥರ್ಸ್ಟನ್, ಸ್ಕೆಲ್ ದಂಡೆಯ ನಿರ್ಜನ ಕಣಿವೆಯೊಂದನ್ನು ದಾನವಾಗಿ ನೀಡಿದ. ಕಣಿವೆಯ ಎರಡೂ ಬದಿಯ ಕಡಿದಾದ ಬಂಡೆಗಳು ಗಾಳಿಯನ್ನು ತಡೆಯುತ್ತಿದ್ದವು, ಅದೇ ಬಂಡೆಗಳು ಕಟ್ಟಡಕ್ಕೆ ಮರಳುಗಲ್ಲನ್ನು ಒದಗಿಸಿದವು, ಸುತ್ತ ಮರವಿತ್ತು, ನೀರಂತೂ ಕಾಲಬುಡದಲ್ಲೇ ಹರಿಯುತ್ತಿತ್ತು. ಮೂರು ವರ್ಷಗಳಲ್ಲಿ ಈ ಗುಂಪು ಸಿಸ್ಟರ್ಸಿಯನ್ ಪಂಥಕ್ಕೆ ಸೇರಿತು. ಬಣ್ಣ ಹಾಕದ ಉಣ್ಣೆಯ ಒರಟು ಬಟ್ಟೆ, ದೀರ್ಘ ಮೌನ, ದೈಹಿಕ ದುಡಿಮೆ ಮತ್ತು ಆಡಂಬರದ ನಿರಾಕರಣೆ ಈ ಪಂಥದ ಲಕ್ಷಣಗಳಾಗಿದ್ದವು.

ಆಡಂಬರವನ್ನು ನಿರಾಕರಿಸಿದ ಮಠ ಶತಮಾನದೊಳಗೆ ಇಂಗ್ಲೆಂಡಿನ ಅತ್ಯಂತ ಶ್ರೀಮಂತ ಮಠಗಳ ಸಾಲಿಗೆ ಸೇರಿತು, ಮತ್ತು ಅದಕ್ಕೆ ಕಾರಣ ಕುರಿ. ದಾನವಾಗಿ ಬಂದ ಬೆಟ್ಟಸೀಮೆಯ ಬಯಲುಗಳಲ್ಲಿ ಸಾವಿರಾರು ಕುರಿಗಳನ್ನು ಮೇಯಿಸಿ, ಉಣ್ಣೆಯನ್ನು ಇಟಲಿಯ ವರ್ತಕರಿಗೆ ಮಾರಿ ಮಠ ಬೆಳೆಯಿತು. ಈ ದುಡಿಮೆಯ ಭಾರ ಹೊತ್ತವರು ಲೇ ಬ್ರದರ್ಸ್ ಎಂಬ ವರ್ಗದವರು. ಅವರು ವ್ರತ ಸ್ವೀಕರಿಸಿದ್ದರೂ ಪೂರ್ಣ ಸನ್ಯಾಸಿಗಳಲ್ಲ, ಅಕ್ಷರ ಕಲಿಯದ, ಕುರಿ, ಹೊಲ, ಗಣಿ, ಗಾರೆ ಕೆಲಸಗಳಿಗೆ ಮೀಸಲಾದ ಸಹೋದರರು. ಅವರ ಊಟದ ಸಾಲೆಯೂ ಮಠದ ಉಗ್ರಾಣವೂ ಇದ್ದ ನೆಲಅಂತಸ್ತಿನ ಸಾಲೆ, ಸೆಲೇರಿಯಂ, ಇಂದಿಗೂ ಚಾವಣಿ ಸಹಿತ ನಿಂತಿದೆ. 90 ಮೀಟರಿಗೂ ಹೆಚ್ಚು ಉದ್ದದ ಈ ಸಾಲೆಯ ನಡುವೆ ಒಂದೇ ಸಾಲಿನಲ್ಲಿ ಕಂಬಗಳು ನಿಂತಿವೆ. ಪ್ರತಿ ಕಂಬದಿಂದಲೂ ಕಲ್ಲಿನ ಪಕ್ಕೆಲುಬುಗಳು, ನಡುವೆ ದಿಂಡುಗಲ್ಲಿನ ತಡೆಯಿಲ್ಲದೆ, ಬೋದಿಗೆಯ ಅಲಂಕಾರವೂ ಇಲ್ಲದೆ ನೇರವಾಗಿ ಕವಲೊಡೆದು ಚಾವಣಿಯನ್ನು ಹೊರುತ್ತವೆ. ಮಠದ ಇತರ ಭಾಗಗಳ ಎತ್ತರ ಬೆರಗು ಹುಟ್ಟಿಸುತ್ತದೆ ನಿಜ, ಆದರೆ ಸಿಸ್ಟರ್ಸಿಯನ್ ಮನೋಧರ್ಮವನ್ನು ಅರಿಯಬಯಸುವವರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಈ ಉಗ್ರಾಣದಲ್ಲಿ. ಆ ಮನೋಧರ್ಮ ಬದಲಾದ ಬಗೆಯನ್ನು ತಿಳಿಯಲು, ಮಠಾಧಿಪತಿ ಮಾರ್ಮಡ್ಯೂಕ್ ಹ್ಯೂಬಿ 1500ರ ಆಸುಪಾಸಿನಲ್ಲಿ ಕಟ್ಟಿಸಿದ, ಸುಮಾರು 50 ಮೀಟರ್ ಎತ್ತರದ ಗೋಪುರವನ್ನು ನೋಡಿದರೆ ಸಾಕು. ಪಂಥದ ಆರಂಭದ ನಿಯಮಗಳು ಇಂಥ ಗೋಪುರಗಳನ್ನು ಒಪ್ಪುತ್ತಿರಲಿಲ್ಲ.

ಸನ್ಯಾಸಿಗಳು ನದಿಯನ್ನು ಇದ್ದಂತೆ ಬಿಡಲಿಲ್ಲ. ಕಿರಿದಾದ ಕಣಿವೆಯಲ್ಲಿ ಜಾಗ ಸಾಲದಾದಾಗ ಸ್ಕೆಲ್ ನದಿಗೆ ಕಲ್ಲಿನ ಕಮಾನುಗಳ ಸುರಂಗ ಕಟ್ಟಿ, ಅದರ ಮೇಲೆ ರೋಗಿಗಳ ಆರೈಕೆಯ ಕಟ್ಟಡವನ್ನು ಎಬ್ಬಿಸಿದರು. ಶೌಚಾಲಯಗಳನ್ನು ಹರಿವ ನೀರಿನ ಮೇಲೆ ಕಟ್ಟಿದರು. ಕಾಲುವೆ ತೋಡಿ ಹಿಟ್ಟಿನ ಗಿರಣಿಗೆ ನೀರು ತಿರುಗಿಸಿದರು. 12ನೇ ಶತಮಾನದ ಆ ಗಿರಣಿ ಮಠ ಮುಚ್ಚಿದ ಮೇಲೂ ಕೆಲಸ ಮಾಡುತ್ತಲೇ ಇದ್ದು 20ನೇ ಶತಮಾನವನ್ನು ಕಂಡಿತು. ಎಂಟನೆಯ ಹೆನ್ರಿ ದೊರೆ ದೇಶದ ಮಠಗಳನ್ನೆಲ್ಲ ವಿಸರ್ಜಿಸಿ ಆಸ್ತಿಯನ್ನು ವಶಪಡಿಸಿಕೊಂಡಾಗ, 1539ರಲ್ಲಿ ಫೌಂಟನ್ಸ್ ಮಠವೂ ಮುಗಿಯಿತು. ಚಾವಣಿಯ ಸೀಸವನ್ನೂ ಕಿಟಕಿಯ ಗಾಜನ್ನೂ ಕಿತ್ತುಕೊಂಡು ಹೋದರು. 16ನೇ ಶತಮಾನದ ಕೊನೆಗೆ ಸ್ಟೀಫನ್ ಪ್ರಾಕ್ಟರ್ ಎಂಬವನು ಮಠದ ಕಲ್ಲುಗಳನ್ನೇ ಬಳಸಿ ಹತ್ತಿರದಲ್ಲಿ ಫೌಂಟನ್ಸ್ ಹಾಲ್ ಎಂಬ ಬಂಗಲೆಯನ್ನು ಕಟ್ಟಿಸಿದ. ಅದು ಇಂದಿಗೂ ಇದೆ.

ನದಿಯ ಮೇಲೆ ಎರಡನೆಯ ಬಾರಿ ಕೈಯಿಟ್ಟವನು ಅಧಿಕಾರ ಕಳೆದುಕೊಂಡ ರಾಜಕಾರಣಿ. ಪಕ್ಕದ ಸ್ಟಡ್ಲಿ ಜಮೀನಿನ ಒಡೆಯ ಜಾನ್ ಐಸ್ಲಬಿ ಬ್ರಿಟನ್ನಿನ ಹಣಕಾಸು ಸಚಿವನಾಗಿದ್ದ. 1720ರಲ್ಲಿ ಸೌತ್ ಸೀ ಕಂಪೆನಿಯ ಷೇರುಗಳು ಹುಚ್ಚೆದ್ದು ಏರಿ ಕುಸಿದು ಸಾವಿರಾರು ಮನೆಗಳನ್ನು ಮುಳುಗಿಸಿದ ಹಗರಣದಲ್ಲಿ ಅವನ ಪಾತ್ರ ಹೊರಬಿದ್ದು, 1721ರಲ್ಲಿ ಸಂಸತ್ತಿನಿಂದ ಉಚ್ಚಾಟನೆಯೂ ಲಂಡನ್ನಿನ ಟವರ್ ಕೋಟೆಯಲ್ಲಿ ಸೆರೆವಾಸವೂ ಆಯಿತು. ಸಾರ್ವಜನಿಕ ಹುದ್ದೆಯ ಬಾಗಿಲು ಶಾಶ್ವತವಾಗಿ ಮುಚ್ಚಿದ ಮೇಲೆ ಊರಿಗೆ ಮರಳಿದ ಐಸ್ಲಬಿ, 1742ರಲ್ಲಿ ಸಾಯುವವರೆಗೂ ಕಣಿವೆಯ ನೀರಿನ ಉದ್ಯಾನವನ್ನು ರೂಪಿಸುತ್ತಲೇ ಇದ್ದ.

ಅವನು ನದಿಯ ಒಂದು ಭಾಗವನ್ನು ನೇರವಾದ ಕಾಲುವೆಯಾಗಿ ತಿದ್ದಿ, ಅದರ ಪಕ್ಕದ ಸಮತಟ್ಟಾದ ಹುಲ್ಲುಹಾಸಿನಲ್ಲಿ ಮೂನ್ ಪಾಂಡ್ಸ್ ಎಂಬ ಮೂರು ಕೊಳಗಳನ್ನು ತೋಡಿಸಿದ. ನಡುವಣದು ಪೂರ್ಣ ವೃತ್ತ, ಎಡಬಲದಲ್ಲಿರುವ ಎರಡು ಅದನ್ನು ಬಳಸಿದ ಬಾಲಚಂದ್ರಗಳು. ಕಾಲುವೆಯಲ್ಲಿ ನೀರು ಸದಾ ಚಲಿಸುತ್ತಿದ್ದರೆ ಕೊಳಗಳಲ್ಲಿ ಅದು ನಿಶ್ಚಲ. ದಂಡೆಗೆ ಕಲ್ಲಿನ ಕಟ್ಟೆಯ ಬದಲು ನೀರಿನ ಅಂಚಿನವರೆಗೂ ಕತ್ತರಿಸಿದ ಹುಲ್ಲಿರುವುದರಿಂದ ನೆಲ ಮತ್ತು ನೀರು ಒಂದೇ ಮಟ್ಟದಲ್ಲಿ ಕೂಡುವಂತೆ ಕಾಣುತ್ತದೆ. ಆಚೆ ದಂಡೆಯ ಪುಟ್ಟ ಗುಡಿಯ ಕಂಬಗಳೂ ಅದರ ಹಿಂದಿನ ಗುಡ್ಡದ ದಟ್ಟ ಮರಗಳೂ ಈ ನೀರಿನಲ್ಲಿ ತಲೆಕೆಳಗಾಗಿ ಬಿದ್ದಿರುತ್ತವೆ. ಗುಡಿಯಲ್ಲಿ ಪೂಜೆಯೇನೂ ನಡೆಯುವುದಿಲ್ಲ. ನೋಟಕ್ಕೊಂದು ಗುರಿ ಒದಗಿಸಲೆಂದೇ ಕಟ್ಟುತ್ತಿದ್ದ ಇಂಥ ಕಟ್ಟಡಗಳು ಆ ಕಾಲದ ಉದ್ಯಾನಕಲೆಯ ಅಂಗವಾಗಿದ್ದವು. ಅವುಗಳಲ್ಲಿ ತೀರ ವಿಚಿತ್ರವಾದವುಗಳಿಗೆ ಫಾಲಿ ಎಂಬ ಹೆಸರಿದೆ. ಕಾಲುವೆಯ ಕೊನೆಯಲ್ಲಿ ನೀರು ಮೆಟ್ಟಿಲುಗಟ್ಟಿದ ಕೋಡಿಯ ಮೇಲಿಂದ ಇಳಿದು ಕೆರೆಯನ್ನು ಸೇರುತ್ತದೆ.

ಐಸ್ಲಬಿಗೆ ಮಠದ ಅವಶೇಷಗಳನ್ನು ಕೊಳ್ಳುವ ಆಸೆಯಿದ್ದರೂ ಅದು ಕೈಗೂಡಿದ್ದು ಮಗ ವಿಲಿಯಮ್‌ನ ಕಾಲದಲ್ಲಿ, 1767ರಲ್ಲಿ. ವಿಲಿಯಮ್ ಅವಶೇಷಗಳ ಸುತ್ತ ಹುಲ್ಲು ಬೆಳೆಸಿ, ನದಿಯನ್ನು ಮಠದ ದಿಕ್ಕಿನಲ್ಲಿ ಕಣ್ಣೆಳೆಯುವಂತೆ ತಿದ್ದಿ, ಇಡೀ ಮಠವನ್ನೇ ತಂದೆಯ ಉದ್ಯಾನದ ಕೊನೆಯ ದೃಶ್ಯವನ್ನಾಗಿ ಮಾಡಿಕೊಂಡ. ಕಾಡಿನ ಏರುದಾರಿಯಲ್ಲಿ, ತಿರುವಿರುವ ಕತ್ತಲೆಯ ಸುರಂಗವನ್ನು ದಾಟಿ ಸಾಗುವವರಿಗೆ ಮೇಲೆ ಆನ್ ಬೊಲಿನ್ ಆಸನ ಎಂಬ ಮರದ ಮಂಟಪ ಸಿಗುತ್ತದೆ. ಅಲ್ಲಿಯವರೆಗೆ ಮರಗಳ ಮರೆಯಲ್ಲಿದ್ದ ಕಣಿವೆ, ಕೊಳ ಮತ್ತು ದೂರದ ಮಠದ ಗೋಪುರ ಮಂಟಪದಿಂದ ಒಮ್ಮೆಲೆ ಕಾಣುತ್ತವೆ. ಇದನ್ನು ಸರ್‌ಪ್ರೈಸ್ ವ್ಯೂ ಎನ್ನುತ್ತಾರೆ. ನೋಡುಗರ ನಡಿಗೆ, ಬೆಳಕು, ಬೇಸರ ಮತ್ತು ನಿರೀಕ್ಷೆ ಎಲ್ಲವನ್ನೂ ಲೆಕ್ಕ ಹಾಕಿದ ಈ ಯೋಜನೆ, ಉದ್ಯಾನಕಲೆಯು ರಂಗಕಲೆಗೆ ಎಷ್ಟು ಸಮೀಪದ್ದೆಂಬುದನ್ನು ತೋರಿಸುತ್ತದೆ. ರಿಪನ್ನಿಗೆ ವಾಯವ್ಯದಲ್ಲಿ ಯೂರ್ ನದಿಯ ಕಮರಿಯಲ್ಲಿರುವ ಹ್ಯಾಕ್‌ಫಾಲ್ ಕಾಡೂ ವಿಲಿಯಮ್ ರೂಪಿಸಿದ್ದೇ. ಅಲ್ಲಿ ಕೃತಕ ಭಗ್ನಕೋಟೆ, ಬಂಡೆಯಂಚಿನ ಮಂಟಪ, ಬುಗ್ಗೆ ಇವೆಯಾದರೂ ಕಾಡಿನ ಒರಟುತನವನ್ನು ಹಾಗೇ ಉಳಿಸಲಾಗಿದೆ. 20ನೇ ಶತಮಾನದಲ್ಲಿ ಮರ ಕಡಿದು ಹಾಳುಗೆಡವಿದ್ದ ಆ ಕಾಡು, ವುಡ್‌ಲ್ಯಾಂಡ್ ಟ್ರಸ್ಟ್ 1989ರಲ್ಲಿ ವಹಿಸಿಕೊಂಡ ಮೇಲೆ ಚೇತರಿಸಿಕೊಂಡಿತು.

ಐಸ್ಲಬಿಗಳ ಅದೇ 18ನೇ ಶತಮಾನದಲ್ಲಿ ದಕ್ಷಿಣದ ಕಡೆ ಇನ್ನೊಂದು ಶೈಲಿ ಬೇರೂರುತ್ತಿತ್ತು. ಕೇಪಬಿಲಿಟಿ ಎಂಬ ಅಡ್ಡಹೆಸರಿನಿಂದಲೇ ಪ್ರಸಿದ್ಧನಾದ ಲಾನ್ಸಲಾಟ್ ಬ್ರೌನ್ (1716–1783) ಜ್ಯಾಮಿತಿಯ ಕೊಳಗಳನ್ನೂ ನೇರ ಸಾಲುಮರಗಳನ್ನೂ ತೆಗೆಸಿ, ಬ್ಲೆನಮ್ ಅರಮನೆಯಂಥ ಕಡೆ ನದಿಗೆ ಅಡ್ಡಕಟ್ಟೆ ಹಾಕಿ ಬಳುಕುವ ಕೆರೆಗಳನ್ನು ನಿರ್ಮಿಸಿದ. ಹುಲ್ಲುಗಾವಲಿಗೂ ಮನೆಯಂಗಳಕ್ಕೂ ನಡುವೆ ಬೇಲಿ ಕಾಣದಿರಲೆಂದು ಆ ಕಾಲದ ವಿನ್ಯಾಸಕಾರರು ಬಳಸಿದ ಉಪಾಯಕ್ಕೆ ಹಾಹಾ ಎಂಬ ಹೆಸರು: ಒಂದು ಬದಿಗೆ ಕಲ್ಲಿನ ಗೋಡೆ, ಇನ್ನೊಂದು ಬದಿಗೆ ಇಳಿಜಾರು ಇರುವ ಕಂದಕವದು, ದನಕುರಿಗಳು ದಾಟಲಾರವು, ಮನೆಯಿಂದ ನೋಡುವವರಿಗೆ ನೆಲ ಅಖಂಡವಾಗಿ ಕಾಣುತ್ತದೆ. ಬ್ರೌನ್ ಶೈಲಿಯ ಪಾರ್ಕ್‌ಲ್ಯಾಂಡುಗಳಲ್ಲಿ ಮನುಷ್ಯನ ಕೈವಾಡ ಬಚ್ಚಿಟ್ಟುಕೊಂಡಿರುತ್ತದೆ. ಸ್ಟಡ್ಲಿಯಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಮತ್ತು ಹಾಗೆ ಕಾಣುವುದೇ ಈ ಉದ್ಯಾನದ ಪ್ರಾಮಾಣಿಕತೆ.

ಉದ್ಯಾನದಾಚೆಯ ಜಿಂಕೆವನದಲ್ಲಿ ಕೆಂಜಿಂಕೆ, ಫ್ಯಾಲೋ ಮತ್ತು ಸಿಕಾ ಎಂಬ ಮೂರು ಜಾತಿಯ ನೂರಾರು ಜಿಂಕೆಗಳು ಮೇಯುತ್ತವೆ. ಅಲ್ಲಿನ ಹಳೆಯ ಓಕ್ ಮತ್ತು ಚೆಸ್ಟ್‌ನಟ್ ಮರಗಳ ಕೊಂಬೆಗಳು ಒಂದು ಎತ್ತರದಿಂದ ಕೆಳಗೆ ಇಲ್ಲವೇ ಇಲ್ಲ. ಹಸಿರಿನ ಕೆಳಅಂಚನ್ನು ದಾರ ಹಿಡಿದು ಕತ್ತರಿಸಿದಂತಿರುತ್ತದೆ. ಜಿಂಕೆಗಳು ಕತ್ತೆತ್ತಿ ನಿಲುಕಿದಷ್ಟನ್ನೂ ಮೇಯ್ದಿರುವುದರಿಂದ ಉಂಟಾಗುವ ಈ ರೇಖೆಯನ್ನು ಗುರುತಿಸಲು ಕಲಿತವರು ಇಂಗ್ಲೆಂಡಿನ ಯಾವುದೇ ಜಿಂಕೆವನವನ್ನು ದೂರದಿಂದಲೇ ಗುರುತಿಸಬಲ್ಲರು. ಶರತ್ಕಾಲದಲ್ಲಿ, ವಿಶೇಷವಾಗಿ ಅಕ್ಟೋಬರಿನಲ್ಲಿ, ಗಂಡು ಜಿಂಕೆಗಳು ಹೂಂಕರಿಸುತ್ತ ಕೊಂಬಿಗೆ ಕೊಂಬು ಕೊಟ್ಟು ಕಾದಾಡುತ್ತವೆ. ಆಗ ಪ್ರವಾಸಿಗರು ಅಂತರ ಕಾಯ್ದುಕೊಳ್ಳಬೇಕು. ಜಿಂಕೆವನದ ಉದ್ದನೆಯ ಸಾಲುಮರಗಳ ದಾರಿಯಲ್ಲಿ ನಿಂತು ಪೂರ್ವಕ್ಕೆ ತಿರುಗಿದರೆ ದಾರಿಯ ತುದಿಗೆ ಸರಿಯಾಗಿ ರಿಪನ್ ಕೆಥೀಡ್ರಲ್ ಕಾಣುತ್ತದೆ, ಪಶ್ಚಿಮಕ್ಕೆ ತಿರುಗಿದರೆ ಸೇಂಟ್ ಮೇರಿ ಚರ್ಚು.

ಈ ಚರ್ಚಿನ ಮೂಲಕ ಸ್ಟಡ್ಲಿಗೂ ಕರ್ನಾಟಕಕ್ಕೂ ನೆನೆಯಬೇಕಾದ ನಂಟೊಂದಿದೆ. 1870ರಲ್ಲಿ ಗ್ರೀಸಿನ ದರೋಡೆಕೋರರಿಂದ ಅಪಹೃತನಾಗಿ ಹತನಾದ ಫ್ರೆಡರಿಕ್ ವೈನರ್‌ನ ನೆನಪಿಗೆ ಅವನ ಅಕ್ಕ ಮತ್ತು ಭಾವ ವಾಸ್ತುಶಿಲ್ಪಿ ವಿಲಿಯಮ್ ಬರ್ಜಸ್‌ನಿಂದ ಅದನ್ನು ಕಟ್ಟಿಸಿದರು. ಆ ಭಾವನೇ ಸ್ಟಡ್ಲಿಯ ಒಡೆಯನೂ 1880ರಿಂದ 1884ರವರೆಗೆ ಭಾರತದ ವೈಸ್‌ರಾಯನೂ ಆಗಿದ್ದ ಲಾರ್ಡ್ ರಿಪನ್. ಐವತ್ತು ವರ್ಷಗಳ ಬ್ರಿಟಿಷ್ ಕಮಿಷನರುಗಳ ಆಡಳಿತದ ನಂತರ 1881ರ ಮಾರ್ಚ್‌ನಲ್ಲಿ ಮೈಸೂರು ರಾಜ್ಯವನ್ನು ಹತ್ತನೆಯ ಚಾಮರಾಜ ಒಡೆಯರಿಗೆ ಮರಳಿಸಿದ್ದು ಅವನ ಅಧಿಕಾರಾವಧಿಯಲ್ಲಿ. ಭಾರತದ ಸ್ಥಳೀಯ ಸ್ವಯಮಾಡಳಿತಕ್ಕೆ ಬುನಾದಿ ಹಾಕಿದ 1882ರ ನಿರ್ಣಯವೂ ಅವನದೇ. ಸ್ಟಡ್ಲಿಯಲ್ಲೇ 1909ರಲ್ಲಿ ತೀರಿಕೊಂಡ ರಿಪನ್‌ನ ಸಮಾಧಿ ಇದೇ ಚರ್ಚಿನಲ್ಲಿದೆ. ಅವನು ಬಾಳಿದ ದೊಡ್ಡ ಮನೆ ಮಾತ್ರ 1946ರ ಬೆಂಕಿಗೆ ಆಹುತಿಯಾಯಿತು.

ಕಣಿವೆಯನ್ನು ನೋಡಿದವರು ನೈಋತ್ಯದ ಬ್ರಿಮ್‌ಹ್ಯಾಮ್ ಬಂಡೆಗಳನ್ನು ಬಿಟ್ಟು ಬರಬಾರದು. ಫೌಂಟನ್ಸ್ ಮಠದ ಜಮೀನಾಗಿದ್ದ, ಆಗಸ್ಟಿನಲ್ಲಿ ಹೆದರ್ ಪೊದೆಗಳ ನೇರಳೆ ಹೂವಿನಿಂದ ತುಂಬುವ ಈ ಎತ್ತರದ ಬಯಲಿನಲ್ಲಿ ಚಿತ್ರವಿಚಿತ್ರ ಆಕಾರದ ಬಂಡೆಗಳು ನಿಂತಿವೆ. ಇವು ಮಿಲ್‌ಸ್ಟೋನ್ ಗ್ರಿಟ್ ಎಂಬ ಗರುಕಾದ ಮರಳುಗಲ್ಲಿನವು. ಬೀಸುವ ಕಲ್ಲುಗಳಿಗೆ ಒದಗಿಬಂದದ್ದರಿಂದ ಆ ಹೆಸರು. ಸುಮಾರು 32 ಕೋಟಿ ವರ್ಷಗಳ ಹಿಂದೆ ಮಹಾನದಿಯೊಂದು ತನ್ನ ಮುಖಜಭೂಮಿಯಲ್ಲಿ ಒಟ್ಟಿದ ಮರಳೇ ಈ ಕಲ್ಲಾಗಿದ್ದು, ಆ ನೀರಿನ ಹರಿವಿನ ದಿಕ್ಕನ್ನು ಸೂಚಿಸುವ ಓರೆಗೆರೆಗಳನ್ನು ಬಂಡೆಯ ಮೈಮೇಲೆ ಈಗಲೂ ಬೆರಳಿಟ್ಟು ಗುರುತಿಸಬಹುದು. ಹಿಮಯುಗದ ಗಾಳಿ, ಹಿಮ ಮತ್ತು ಮಳೆ ಮೆದು ಪದರಗಳನ್ನು ಕೊರೆದು ಗಟ್ಟಿ ಪದರಗಳನ್ನು ಉಳಿಸಿದ್ದರಿಂದ ಐಡಲ್ ಎಂಬ ಬಂಡೆ, ಸುಮಾರು 200 ಟನ್ ತೂಕದ್ದೆಂದು ಅಂದಾಜಿಸಲಾದದ್ದು, ಪುಟ್ಟ ಪೀಠದ ಮೇಲೆ ನಿಂತಿದೆ. 18ನೇ ಶತಮಾನದ ವಿದ್ವಾಂಸರು ಇವನ್ನು ಡ್ರೂಯಿಡ್ ಎಂಬ ಪ್ರಾಚೀನ ಪುರೋಹಿತರು ಕಡೆದರೆಂದು ನಂಬಿದ್ದರು.

ಬ್ರಿಮ್‌ಹ್ಯಾಮ್ 1970ರಿಂದ, ಸ್ಟಡ್ಲಿ ಮತ್ತು ಫೌಂಟನ್ಸ್ 1983ರಿಂದ ನ್ಯಾಷನಲ್ ಟ್ರಸ್ಟ್ ವಶದಲ್ಲಿವೆ. ಆಕ್ಟೇವಿಯಾ ಹಿಲ್, ರಾಬರ್ಟ್ ಹಂಟರ್ ಮತ್ತು ಹಾರ್ಡ್‌ವಿಕ್ ರಾನ್ಸ್ಲಿ 1895ರಲ್ಲಿ ಸ್ಥಾಪಿಸಿದ ಈ ಸಂಸ್ಥೆ ಸರ್ಕಾರದ ಇಲಾಖೆಯಲ್ಲ, ಸದಸ್ಯರ ಚಂದಾ ಮತ್ತು ದಾನದಿಂದ ನಡೆಯುವ ಧರ್ಮದತ್ತಿ. ತಾನು ಕಾಯ್ದಿರಿಸಿದ ಆಸ್ತಿಯನ್ನು ಪರಭಾರೆ ಮಾಡಲಾಗದ್ದೆಂದು ಘೋಷಿಸುವ ಅಧಿಕಾರವನ್ನು 1907ರ ಕಾಯಿದೆ ಅದಕ್ಕೆ ಕೊಟ್ಟಿದೆ. ಲೀಡ್ಸ್ ಅಥವಾ ಯಾರ್ಕ್ ಕಡೆಯಿಂದ ರೈಲಿನಲ್ಲಿ ಹ್ಯಾರಗೇಟ್‌ವರೆಗೆ ಬಂದು, ಬಸ್ಸಿನಲ್ಲಿ ರಿಪನ್ ತಲುಪಿದರೆ ಕಣಿವೆ ಸಮೀಪ. ಮಠ ಮತ್ತು ನೀರಿನ ಉದ್ಯಾನಕ್ಕೆ ಟಿಕೆಟ್ ಇದೆ.

ಟ್ರಸ್ಟಿನ ಮುಂದಿರುವ ಅತಿದೊಡ್ಡ ಕೆಲಸ ನದಿಯದೇ. ಸ್ಕೆಲ್ ಚಿಕ್ಕದಾದರೂ ಕಡಿದಾದ ಬೆಟ್ಟಸೀಮೆಯಿಂದ ಇಳಿಯುವುದರಿಂದ ಭಾರೀ ಮಳೆಗೆ ಬೇಗ ಉಕ್ಕುತ್ತದೆ; 2007ರ ಪ್ರವಾಹದಲ್ಲಿ ನೀರು ಮಠದೊಳಕ್ಕೂ ಉದ್ಯಾನಕ್ಕೂ ನುಗ್ಗಿತು. ಅದು ಹೊತ್ತುತರುವ ಮಣ್ಣು ಕೊಳ, ಕಾಲುವೆ, ಕೆರೆಗಳಲ್ಲಿ ಹೂಳಾಗಿ ನಿಲ್ಲುತ್ತದೆ, ಮತ್ತು ಅದನ್ನು ಎತ್ತಿಹಾಕುವ ಕೆಲಸಕ್ಕೆ ಕೊನೆಯೆಂಬುದಿಲ್ಲ. ಆದ್ದರಿಂದ ಟ್ರಸ್ಟ್ ಉದ್ಯಾನದ ಗಡಿಯ ಹೊರಗೆ, ನದಿಯ ಮೇಲ್ಭಾಗದ ರೈತರೊಂದಿಗೆ ಸೇರಿ ಇಳಿಜಾರುಗಳಲ್ಲಿ ಮರ ಮತ್ತು ಬೇಲಿಸಾಲು ನೆಡಿಸಿದೆ, ಓಡುವ ನೀರನ್ನು ತಡೆದು ನಿಲ್ಲಿಸುವ ಹೊಂಡಗಳನ್ನು ತೋಡಿಸಿದೆ. ಅದರಿಂದ ಐಸ್ಲಬಿಯ ಕೊಳಗಳಿಗಷ್ಟೇ ಅಲ್ಲದೆ ಕೆಳಗಿನ ರಿಪನ್ ಪಟ್ಟಣದ ಮನೆಗಳಿಗೂ ರಕ್ಷಣೆ ಸಿಗುತ್ತದೆ.