ಮಂಡಿಕೀಲಿನ ಸವೆತ ಮತ್ತು ವೈದ್ಯಕೀಯ ಚಿತ್ರಣ

ಕನ್ನಡದಲ್ಲಿ ‘ಕೀಲು’ ಎಂಬ ಪದವು ಬಾಗಿಲಿಗೂ ಗಾಡಿಗೂ ದೇಹಕ್ಕೂ ಸಮಾನವಾಗಿ ಸಲ್ಲುತ್ತದೆ. ಗಾಡಿಯ ಇರುಸಿಗೆ ಹಚ್ಚುವುದು ಕೀಲೆಣ್ಣೆ. ವಯಸ್ಸಾದವರ ಮಂಡಿನೋವಿಗೆ ಜನ ಹೇಳುವ ಕಾರಣ ‘ಕೀಲು ಸವೆದಿದೆ’ ಎಂಬುದು. ಆಸ್ಟಿಯೋಆರ್ಥ್ರೈಟಿಸ್ ಎನಿಸುವ ಅಸ್ಥಿಸಂಧಿವಾತವನ್ನು ರೋಗಿಗೆ ವಿವರಿಸುವಾಗ ವೈದ್ಯರೂ ಇದೇ ರೂಪಕವನ್ನು ಆಶ್ರಯಿಸುತ್ತಾರೆ. ಆಡುಮಾತಿನ ಈ ರೂಪಕವು ಚಿಕಿತ್ಸಾಲಯದಲ್ಲಿಯೂ ಪ್ರಶ್ನಾತೀತವಾಗಿ ಉಳಿದುದಕ್ಕೆ ಕ್ಷ-ಕಿರಣ ಚಿತ್ರದ ಸ್ವರೂಪವೂ ಒಂದು ಕಾರಣವೆನ್ನಬೇಕು.

ಮಂಡಿಯಲ್ಲಿ ತೊಡೆಮೂಳೆಯ ತುದಿ, ಕಣಕಾಲಿನ ಮೂಳೆಯ ತಲೆ ಹಾಗೂ ಮಂಡಿಚಿಪ್ಪಿನ ಒಳಮೈಯನ್ನು ಕೆಲವೇ ಮಿಲಿಮೀಟರ್ ದಪ್ಪದ ಮೃದ್ವಸ್ಥಿಯು ಹೊದ್ದಿರುತ್ತದೆ. ಅದರ ತೂಕದಲ್ಲಿ ಶೇ. 65ರಿಂದ 80ರಷ್ಟು ನೀರು. ಉಳಿದುದರಲ್ಲಿ ಮುಖ್ಯವಾದವು ಕೊಲಾಜನ್ ಎಳೆಗಳ ಜಾಲ ಮತ್ತು ಆ ಜಾಲದೊಳಗೆ ನೀರನ್ನು ಹಿಡಿದಿಡುವ ಪ್ರೋಟಿಯೋಗ್ಲೈಕನ್ ಅಣುಗಳು. ಇದರಲ್ಲಿ ರಕ್ತನಾಳಗಳಿಲ್ಲ, ನರಗಳೂ ಇಲ್ಲ. ನರವಿಲ್ಲದ ಅಂಗಾಂಶ ತಾನಾಗಿ ನೋಯಲಾರದು. ನೋವು ಹುಟ್ಟುವುದು ಅದರಡಿಯ ಮೂಳೆಯಲ್ಲಿ, ಕೀಲಿನ ಒಳಪೊರೆಯಲ್ಲಿ.

1895ರಲ್ಲಿ ರಾಂಟ್ಜೆನ್ ಕಂಡುಹಿಡಿದ ಕ್ಷ-ಕಿರಣವು ಮೂಳೆಯನ್ನು ಸ್ಪಷ್ಟವಾಗಿ ತೋರುತ್ತದೆ, ಮೃದ್ವಸ್ಥಿಯನ್ನು ತೋರುವುದಿಲ್ಲ. ಚಿತ್ರದಲ್ಲಿ ಕಾಣುವುದು ಎರಡು ಮೂಳೆಗಳ ನಡುವಿನ ತೆರಪು ಮಾತ್ರ. ಕೆಲ್‌ಗ್ರೆನ್ ಮತ್ತು ಲಾರೆನ್ಸ್ 1957ರಲ್ಲಿ ರೂಪಿಸಿದ, ಇಂದಿಗೂ ಬಳಕೆಯಲ್ಲಿರುವ 0ಯಿಂದ 4ರವರೆಗಿನ ಶ್ರೇಣಿಯು ಈ ತೆರಪಿನ ಕಿರಿದಾಗುವಿಕೆಯನ್ನೂ ಮೂಳೆಯಂಚಿನ ಮುಳ್ಳುಗಳನ್ನೂ ಪ್ರಧಾನವಾಗಿ ಅವಲಂಬಿಸಿದೆ. ಆದರೆ ತೆರಪಿನೊಳಗೆ ಮೃದ್ವಸ್ಥಿಯ ಹೊದಿಕೆಯ ಜೊತೆಗೆ ಮೆನಿಸ್ಕಸ್ ಎಂಬ ಅರ್ಧಚಂದ್ರಾಕಾರದ ಮೆತ್ತೆಯೂ ಇದೆ. ಅದು ಹೊರಸರಿದರೆ ಹೊದಿಕೆ ಸವೆಯದಿದ್ದರೂ ತೆರಪು ಕಿರಿದಾಗುತ್ತದೆ. ಮಂಡಿಯನ್ನು ಎಷ್ಟು ಬಾಗಿಸಿ, ನಿಲ್ಲಿಸಿ ಅಥವಾ ಮಲಗಿಸಿ ಚಿತ್ರ ತೆಗೆದರೆಂಬುದರಿಂದಲೂ ಅಳತೆ ಬದಲಾಗುತ್ತದೆ.

ಜಲಜನಕದ ಪರಮಾಣು ಬೀಜಗಳ ಸಂಕೇತವನ್ನು ಗ್ರಹಿಸುವ ಎಂಆರ್‌ಐ ತಂತ್ರಕ್ಕೆ ನೀರಿನಿಂದ ತುಂಬಿದ ಮೃದ್ವಸ್ಥಿಯು ನೇರವಾಗಿಯೇ ಗೋಚರಿಸುತ್ತದೆ. ಈ ತಂತ್ರಕ್ಕಾಗಿ ಲಾಟರ್‌ಬರ್ ಮತ್ತು ಮ್ಯಾನ್ಸ್‌ಫೀಲ್ಡ್ ಅವರಿಗೆ 2003ರ ನೊಬೆಲ್ ಪ್ರಶಸ್ತಿ ಸಂದಿತು. ಮರುವರ್ಷ ಅಮೆರಿಕದಲ್ಲಿ ಆರಂಭವಾದ ‘ಆಸ್ಟಿಯೋಆರ್ಥ್ರೈಟಿಸ್ ಇನಿಷಿಯೇಟಿವ್’ ಎಂಬ ದೀರ್ಘಾವಧಿಯ ಅಧ್ಯಯನವು 45ರಿಂದ 79 ವಯಸ್ಸಿನ 4,796 ಮಂದಿಯ ಮಂಡಿಗಳನ್ನು ಮತ್ತೆ ಮತ್ತೆ ಚಿತ್ರಿಸಿ, ಅದರ ದತ್ತಾಂಶವನ್ನು ಎಲ್ಲ ಸಂಶೋಧಕರಿಗೂ ಮುಕ್ತವಾಗಿಸಿತು. ಮೃದ್ವಸ್ಥಿಯ ದಪ್ಪ ಮತ್ತು ಘನ ಅಳತೆಯನ್ನು ಪದರ ಪದರವಾಗಿ ಲೆಕ್ಕಹಾಕುವುದು ಇದರಿಂದ ಸಾಧ್ಯವಾಯಿತು.

ಇದಕ್ಕಿಂತ ಕುತೂಹಲಕರವಾದುದು, ದಪ್ಪ ಕಡಿಮೆಯಾಗುವ ಮೊದಲೇ ಆಗುವ ರಾಸಾಯನಿಕ ಬದಲಾವಣೆಯನ್ನು ಕಾಣುವ ಪ್ರಯತ್ನ. ಕೊಲಾಜನ್ ಜಾಲ ಸಡಿಲಗೊಂಡು ನೀರಿನಂಶ ಹೆಚ್ಚಿದಾಗ ಟಿ2 ಎಂಬ ಕಾಲಮಾನ ದೀರ್ಘವಾಗುತ್ತದೆ. ಪ್ರೋಟಿಯೋಗ್ಲೈಕನ್ ನಷ್ಟಕ್ಕೆ ಟಿ1ರೋ ಎಂಬ ಅಳತೆ ಹೆಚ್ಚು ಸ್ಪಂದಿಸುತ್ತದೆ. ಮತ್ತೊಂದು ವಿಧಾನದಲ್ಲಿ ಋಣಾವೇಶವುಳ್ಳ ಗ್ಯಾಡೋಲಿನಿಯಂ ದ್ರವವನ್ನು ರಕ್ತನಾಳಕ್ಕೆ ಸೇರಿಸಿ, ರೋಗಿಯನ್ನು ಸ್ವಲ್ಪ ನಡೆದಾಡಿಸಿ, ಸುಮಾರು ಒಂದೂವರೆ ಗಂಟೆಯ ನಂತರ ಚಿತ್ರ ತೆಗೆಯಲಾಗುತ್ತದೆ. ಪ್ರೋಟಿಯೋಗ್ಲೈಕನ್ ಸಹ ಋಣಾವೇಶವುಳ್ಳದ್ದಾದುದರಿಂದ ಅದಿರುವೆಡೆ ದ್ರವವು ಹೆಚ್ಚು ಸೇರದು, ಅದು ಕ್ಷೀಣಿಸಿದೆಡೆ ಸಂಗ್ರಹವಾಗುತ್ತದೆ. ರಕ್ತನಾಳವಿಲ್ಲದ ಮೃದ್ವಸ್ಥಿಯೊಳಕ್ಕೆ ದ್ರವವು ನಿಧಾನವಾಗಿ ಜಿನುಗಬೇಕಾದುದರಿಂದಲೇ ಈ ಕಾಯುವಿಕೆ, ಈ ನಡಿಗೆ. ಇರುಸಿಗೆ ಹೋಲಿಸಿದ ವಸ್ತು ಇಲ್ಲಿ ಆಹಾರವನ್ನು ಹೀರುವ, ತನ್ನ ಘಟಕಗಳನ್ನು ಕಳೆದುಕೊಳ್ಳುವ ಜೀವಂತ ಅಂಗಾಂಶವಾಗಿ ತೋರುತ್ತದೆ.

ಹಾಗೆಂದು ಚಿತ್ರ ಸೂಕ್ಷ್ಮವಾದಷ್ಟೂ ನೋವಿನ ವಿವರಣೆ ಸುಲಭವಾಯಿತೆಂದು ಭಾವಿಸಲಾಗದು. ಮ್ಯಾಸಚೂಸೆಟ್ಸ್ ರಾಜ್ಯದ ಫ್ರೇಮಿಂಗ್‌ಹ್ಯಾಮ್‌ನಲ್ಲಿ 50 ವರ್ಷ ಮೀರಿದ, ಕ್ಷ-ಕಿರಣದಲ್ಲಿ ಈ ರೋಗದ ಗುರುತೇ ಇಲ್ಲದ 710 ಮಂದಿಯನ್ನು ಎಂಆರ್‌ಐಗೆ ಒಳಪಡಿಸಿದ ಅಧ್ಯಯನವು 2012ರಲ್ಲಿ ಪ್ರಕಟವಾಯಿತು. ಅವರಲ್ಲಿ ಶೇ. 89ರಷ್ಟು ಮಂದಿಯ ಮಂಡಿಯಲ್ಲಿ ಕನಿಷ್ಠ ಒಂದಾದರೂ ವಿಕೃತಿ ಕಂಡುಬಂದಿತು. ನೋವೇ ಇಲ್ಲದ ಮಂಡಿಗಳಲ್ಲಿಯೂ ಈ ಪ್ರಮಾಣ ಶೇ. 86ಕ್ಕಿಂತ ಕಡಿಮೆಯಿರಲಿಲ್ಲ. ‘ಚಿತ್ರದಲ್ಲಿ ಏನೂ ಇಲ್ಲ’ ಎಂದು ನೋವುಳ್ಳವರನ್ನು ಹಿಂದಕ್ಕೆ ಕಳಿಸುವುದು ಎಷ್ಟು ಅಸಮಂಜಸವೋ, ಎಂಆರ್‌ಐ ವರದಿಯ ಪಟ್ಟಿಯನ್ನೇ ನೋವಿನ ಕಾರಣವೆಂದು ಓದಿ ಶಸ್ತ್ರಚಿಕಿತ್ಸೆಗೆ ಮುಂದಾಗುವುದೂ ಅಷ್ಟೇ ಅಸಮಂಜಸ. ಮೃದ್ವಸ್ಥಿಯಡಿಯ ಮೂಳೆಯ ಮಜ್ಜೆಯಲ್ಲಿ ಎಂಆರ್‌ಐ ತೋರುವ ಬದಲಾವಣೆಗಳು ಮತ್ತು ಒಳಪೊರೆಯ ಉರಿಯೂತ ನೋವಿನೊಡನೆ ಹೆಚ್ಚು ನಿಕಟವಾದ ಸಂಬಂಧ ಹೊಂದಿವೆ. ಆದುದರಿಂದ ಸಂಶೋಧಕರು ಮೃದ್ವಸ್ಥಿಯೊಂದನ್ನೇ ಅಳೆಯದೆ ಇಡೀ ಕೀಲನ್ನು ಒಂದು ಅಂಗವೆಂದು ಪರಿಗಣಿಸುವ ಅಂಕಪದ್ಧತಿಗಳನ್ನು ರೂಪಿಸಿಕೊಂಡಿದ್ದಾರೆ.