ಹಿರೇಮದ್ದು: ಹೊಲಕ್ಕೊಂದು ಬೆಳೆ, ನಿದ್ದೆಗೊಂದು ಬೇರು

ಮಳೆ ಕೈಕೊಟ್ಟ ವರ್ಷ ರೈತನಿಂದ ಮೊದಲು ದೂರವಾಗುವುದು ನಿದ್ದೆ. ರಾಯದುರ್ಗದ ಕಡೆಯವರು ಶೇಂಗಾ ಎನ್ನಲಿ, ಮಡಕಶಿರಾದವರು ಕಡಲೇಕಾಯಿ ಎನ್ನಲಿ, ಬಿತ್ತಿದ ಬೀಜ ಮಣ್ಣುಪಾಲಾಗಿ ಸಾಲ ಮಾತ್ರ ಬೆಳೆಯುವ ಅನುಭವ ಎರಡೂ ಕಡೆ ಉಂಟು. 2022ರಲ್ಲಿ ಮಡಕಶಿರಾ ಅನಂತಪುರವನ್ನು ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಜಿಲ್ಲೆ ಬೇರೆಯಾಯಿತೇ ಹೊರತು ಮುಗಿಲು ಬೇರೆಯಾಗಲಿಲ್ಲ. ಆದುದರಿಂದ ಈ ವಾರ ಟಿಕ್ಕಾ ರೋಗದ ಮಾತನ್ನು ಬದಿಗಿಟ್ಟು, ಬೇಲಿಬದಿಯ ಒಂದು ಗಿಡದ ವಿಷಯ ಹೇಳುತ್ತೇವೆ.

ಅದೇ ಹಿರೇಮದ್ದು. ತೆಲುಗು ನೆರೆಯವರು ಪೆನ್ನೇರು ಎನ್ನುತ್ತಾರೆ, ಪಂಡಿತರು ಅಶ್ವಗಂಧ ಎನ್ನುತ್ತಾರೆ. ಹಸಿ ಬೇರನ್ನು ಮೂಸಿದವರಿಗೆ ಕುದುರೆಯ ಹೆಸರು ಏಕೆ ಬಂತೆಂದು ಬೇರೆ ಹೇಳಬೇಕಾಗಿಲ್ಲ! ಚರಕರು ಇದನ್ನು ಬಲಕೊಡುವ ಮೂಲಿಕೆಗಳಲ್ಲಿ ಎಣಿಸಿದರು. ಸಸ್ಯಶಾಸ್ತ್ರಜ್ಞರು ಇಟ್ಟ ಸೋಮ್ನಿಫೆರಾ ಎಂಬ ಲ್ಯಾಟಿನ್ ಹೆಸರಿಗೂ ನಿದ್ದೆ ತರುವುದು ಎಂದೇ ಅರ್ಥ.

ನಮ್ಮ ಕೆಂಪು ಮರಳುಮಿಶ್ರಿತ ಹೊಲಕ್ಕೆ ಇದು ಒಗ್ಗುವ ಬೆಳೆ. ನೀರು ನಿಲ್ಲುವ ತಗ್ಗು ಮಾತ್ರ ಬೇಡ, ಸಸಿ ಕೊಳೆಯುತ್ತದೆ. ಜುಲೈ, ಆಗಸ್ಟ್ ತಿಂಗಳಲ್ಲಿ ಎಕರೆಗೆ ನಾಲ್ಕೈದು ಕಿಲೋ ಬೀಜವನ್ನು ಮರಳಿನೊಡನೆ ಬೆರೆಸಿ ಎರಚಿ, ಒತ್ತಾಗಿ ಬಂದ ಸಸಿಗಳನ್ನು ಕಿತ್ತು ತೆಳುವು ಮಾಡಬೇಕು. ಐದಾರು ತಿಂಗಳಿಗೆ ಎಲೆ ಒಣಗಿ ಕಾಯಿ ಕೆಂಪಗಾದಾಗ ಗಿಡವನ್ನು ಬೇರುಸಹಿತ ಕೀಳುವುದು. ಎಕರೆಗೆ ಒಂದೂಕಾಲರಿಂದ ಎರಡು ಕ್ವಿಂಟಲ್ ಒಣಬೇರು ಸಿಕ್ಕೀತು. ಮುರಿದರೆ ಪಟ್ಟನೆ ಮುರಿದು ಒಳಗೆ ಬಿಳುಪು ಕಾಣುವ ದಪ್ಪ ಬೇರಿಗೆ ಬೆಲೆ ಹೆಚ್ಚು. ಇದರ ದೊಡ್ಡ ಪೇಟೆ ಮಧ್ಯಪ್ರದೇಶದ ನೀಮಚ್. ಆದಕಾರಣ ಕೊಳ್ಳುವವರನ್ನು ಗೊತ್ತುಮಾಡಿಕೊಳ್ಳದೆ ಹೊಲವನ್ನೆಲ್ಲ ಇದಕ್ಕೇ ಬಿಡುವುದು ಜಾಣತನವಲ್ಲ. ಮೊದಲ ವರ್ಷ ಕಾಲು ಎಕರೆ ಸಾಕು.

ಇನ್ನು ಮನೆಯ ಬಳಕೆ. ಬೇರಿನ ಪುಡಿಯನ್ನು ಹಾಲಿನಲ್ಲಿ ಕುದಿಸಿ ರಾತ್ರಿ ಕುಡಿಯುವುದು ಹಳೆಯ ರೂಢಿ. ದಿನಕ್ಕೆ 3ರಿಂದ 6 ಗ್ರಾಂ ಎಂದು ಆಯುರ್ವೇದದ ಔಷಧಕೋಶ ಅಳತೆ ಹೇಳುತ್ತದೆ. 2012ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 64 ಜನರಲ್ಲಿ ಕೆಲವರಿಗೆ ಬೇರಿನ ಸಾರವನ್ನೂ ಉಳಿದವರಿಗೆ ಬರಿಯ ಹುಸಿಗುಳಿಗೆಯನ್ನೂ 60 ದಿನ ಕೊಟ್ಟು ನೋಡಿದರು. ಸಾರ ಸೇವಿಸಿದವರ ಕಳವಳ ಹೆಚ್ಚು ಇಳಿದಿತ್ತು. ಪರೀಕ್ಷೆ ಚಿಕ್ಕದು, ಅದನ್ನು ಮರೆಯಬಾರದು. ಎಲೆಯನ್ನು ಬಳಸಬೇಡಿ; ಬೇರನ್ನೇ ಬಳಸಿರೆಂದು ಆಯುಷ್ ಮಂತ್ರಾಲಯವೂ 2021ರಲ್ಲಿ ಸೂಚಿಸಿದೆ. ಗರ್ಭಿಣಿಯರು, ಥೈರಾಯ್ಡ್ ಅಥವಾ ಯಕೃತ್ತಿನ ತೊಂದರೆಯುಳ್ಳವರು, ನಿದ್ದೆ, ಸಕ್ಕರೆ, ರಕ್ತದೊತ್ತಡಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಹೊಲದಿಂದ ಬಂದು ತಲೆಗೂ ಅಂಗಾಲಿಗೂ ಎಳ್ಳೆಣ್ಣೆ ತಿಕ್ಕಿ ಬಿಸಿನೀರು ಹೊಯ್ದುಕೊಳ್ಳುವುದಕ್ಕೆ ಇಂಥ ಅಂಜಿಕೆಯಿಲ್ಲ. ವಾಗ್ಭಟರು ತಲೆ, ಕಿವಿ, ಪಾದಗಳನ್ನೇ ಹೆಸರಿಸಿ ಎಣ್ಣೆ ಹಚ್ಚಲು ಹೇಳಿದ್ದಾರೆ.

ರಾಯದುರ್ಗದ ಹತ್ತಿರ ಇದನ್ನೆಲ್ಲ ವಿವರಿಸುತ್ತಿದ್ದಾಗ ಹಿರಿಯರೊಬ್ಬರು, "ಸ್ವಾಮಿ, ಇದನ್ನು ಕುಡಿದರೆ ಸಾಲ ತೀರುತ್ತದೆಯೇ?" ಎಂದು ಕೇಳಿದರು. ನಾವು ನಕ್ಕೆವು. ಅವರು ನಗಲಿಲ್ಲ.

ತೀರುವುದಿಲ್ಲ. ಮನೆಯ ಯಜಮಾನ ಊಟ ಬಿಟ್ಟು, ಮಾತು ಬಿಟ್ಟು, "ನಾನಿಲ್ಲದಿದ್ದರೇ ವಾಸಿ" ಎನ್ನತೊಡಗಿದರೆ ಅದು ಹಾಲಿಗೂ ಬೇರಿಗೂ ಬಗ್ಗುವ ನೋವಲ್ಲ. ಅವರನ್ನು ಒಂಟಿಯಾಗಿ ಬಿಡದೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. 14416 ಎಂಬ ಸರಕಾರದ ಟೆಲಿಮಾನಸ್ ಸಂಖ್ಯೆಗೆ ಹಗಲಿರುಳೂ ಬಿಟ್ಟಿಯಾಗಿ ಮಾತನಾಡಬಹುದು. ನಮ್ಮ ಮುಂದೆಯೇ ಆ ಹಿರಿಯರ ಮಗ ಸಂಖ್ಯೆಯನ್ನು ಬೀಡಿಕಟ್ಟಿನ ಮೇಲೆ ಗೀಚಿಕೊಂಡನು. ಹಿರಿಯರು ಕಾಲು ಎಕರೆಗಾಗುವಷ್ಟು ಬೀಜ ಕೇಳಿ ಒಯ್ದರು.