ಯೂಸರ್ಸ್ ಫೋಲ್ಡರನ್ನೇ ಎತ್ತಿಡಬೇಡಿ

ಕಂಪ್ಯೂಟರಿನ ಸಿ ಡ್ರೈವ್ ತುಂಬಿದಾಗ "ಎಲ್ಲಾ ಡಿ ಡ್ರೈವ್‌ಗೆ ಹಾಕಿಬಿಡೋಣ" ಅಂತ ಅನಿಸುವುದು ಸಹಜ. ಆದರೆ ವಿಂಡೋಸ್‌ನ ಯೂಸರ್ಸ್ ಫೋಲ್ಡರಿನಲ್ಲಿ ನಿಮ್ಮ ಪತ್ರ, ಫೋಟೋಗಳಷ್ಟೇ ಇರುವುದಿಲ್ಲ. ಆಪ್‌ಡೇಟಾ ಎಂಬ ಫೋಲ್ಡರ್ ಕಣ್ಣಿಗೆ ಬೀಳದಂತೆ ಅಲ್ಲಿಯೇ ಇರುತ್ತದೆ. ಪ್ರೋಗ್ರಾಂಗಳ ಅನೇಕ ಸೆಟ್ಟಿಂಗ್‌ಗಳು ಅದರೊಳಗೆ. ರಿಜಿಸ್ಟ್ರಿ ತಿದ್ದಿ ಇಡೀ ಯೂಸರ್ಸ್ ಫೋಲ್ಡರನ್ನು ಬೇರೆ ಡ್ರೈವ್‌ಗೆ ಸಾಗಿಸಿದರೆ ಮುಂದೆ ವಿಂಡೋಸ್ ಅಪ್‌ಗ್ರೇಡ್ ಆಗದೆ ನಿಲ್ಲಬಹುದು. ಮೈಕ್ರೋಸಾಫ್ಟ್ ಕೂಡ ಇದು ಬೇಡವೆಂದೇ ಹೇಳುತ್ತದೆ.

ಆ ಡ್ರೈವ್ ಒಂದು ದಿನ ಕೈಕೊಟ್ಟರೆ? ತಾತ್ಕಾಲಿಕ ಪ್ರೊಫೈಲ್ ತೆರೆದು ಡೆಸ್ಕ್‌ಟಾಪ್ ಖಾಲಿ ಕಾಣಬಹುದು. ಗಾಬರಿ ಬೇಡ. ಆದರೆ ಅಲ್ಲಿ ಸಂಘದ ಲೆಕ್ಕ ಟೈಪ್ ಮಾಡಿ ಡೆಸ್ಕ್‌ಟಾಪಿನಲ್ಲಿ ಸೇವ್ ಮಾಡಬೇಡಿ, ಸೈನ್ ಔಟ್ ಆದಾಗ ಅಳಿಸಿಹೋಗುತ್ತದೆ.

ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ಗಳನ್ನು ಮಾತ್ರ ಸಾಗಿಸಿದರೆ ಸಾಕು. ಮೊದಲು ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇಟ್ಟುಕೊಳ್ಳಿ. ಬಳಿಕ ಫೋಲ್ಡರಿನ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಅದರಲ್ಲಿ ಲೊಕೇಶನ್, ಮೂವ್ ಒತ್ತಿ. ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ಮಾಡಿ ಅದನ್ನೇ ತೋರಿಸಿ. ಬರೀ ಡಿ ಅಂತ ಕೊಟ್ಟರೆ ಇಡೀ ಡ್ರೈವೇ ಡಾಕ್ಯುಮೆಂಟ್ಸ್ ಆಗಿಬಿಡುತ್ತದೆ, ಮತ್ತೆ ಮೊದಲಿನಂತೆ ಮಾಡುವುದು ದೊಡ್ಡ ಪೇಚಾಟ.